ರಾಜ್ಯಶಾಸ್ತ್ರ ಓದಲು ಎಷ್ಟು ಸಾಲ ಮಾಡಬಹುದು: ಮಲೆನಾಡಿನ ಮನೆಗಳಿಗೊಂದು ಲೆಕ್ಕದ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಕಾಲೇಜಿಗೆ ದುಡ್ಡು ಕಟ್ಟುವವರೆಗೆ ಸಿಗುವುದು ಕೆಲವೇ ವಾರ. ಹತ್ತು ಹದಿನೈದು ವರ್ಷ ತೀರಿಸಬೇಕಾದ ಸಾಲಕ್ಕೆ ಸಹಿ ಬೀಳುವುದೂ ಅಷ್ಟರಲ್ಲೇ. ಎಂಜಿನಿಯರಿಂಗ್, ನರ್ಸಿಂಗ್ ಆದರೆ ನೆಂಟರಿಷ್ಟರಲ್ಲಿ ಯಾರಾದರೂ ಓದಿದವರು ಇರುತ್ತಾರೆ, ಸಂಬಳದ ಅಂದಾಜು ಸಿಗುತ್ತದೆ. ರಾಜ್ಯಶಾಸ್ತ್ರಕ್ಕೆ ಆ ಅಂದಾಜು ಸುಲಭವಾಗಿ ಸಿಗುವುದಿಲ್ಲ. "ಐಎಎಸ್ ಮಾಡಬಹುದು" ಎನ್ನುವವರು ಒಂದು ಕಡೆ, "ಬಿ.ಎ. ಓದಿ ಏನು ಮಾಡ್ತೀಯ" ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಲೆಕ್ಕವಿಲ್ಲ.

ಸ್ವಾತಂತ್ರ್ಯ ಚಳವಳಿಯ ಈಸೂರಿನ ಹೋರಾಟವನ್ನೂ ಗೇಣಿದಾರರ ಕಾಗೋಡು ಸತ್ಯಾಗ್ರಹವನ್ನೂ ಕಂಡ ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಈ ವಿಷಯದ ಮೇಲೆ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಕೈಬಿಡಿ ಎಂದು ನಾವು ಹೇಳುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ರಾಜ್ಯಶಾಸ್ತ್ರದಲ್ಲಿ ಬಿ.ಎ. ಪದವಿಯೊಂದೇ ಸಂಬಳ ತರುವುದು ಕಡಿಮೆ. ಸಂಬಳ ತರುವುದು ಅದರ ಮುಂದಿನ ಮೆಟ್ಟಿಲು, ಅಂದರೆ ಸ್ಪರ್ಧಾತ್ಮಕ ಪರೀಕ್ಷೆ, ಬಿ.ಎಡ್., ಎಂ.ಎ. ಜೊತೆಗೆ ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ (ರಾಜ್ಯದ್ದು) ಅಥವಾ ನೆಟ್ (ರಾಷ್ಟ್ರಮಟ್ಟದ್ದು), ಇಲ್ಲವೇ ಎಲ್‌ಎಲ್‌ಬಿ. ಸಾಲ ಮಾಡುವ ಶಕ್ತಿಯನ್ನೆಲ್ಲ ಬಿ.ಎ.ಗೇ ಸುರಿದರೆ ಆ ಮೆಟ್ಟಿಲು ಹತ್ತುವ ಹೊತ್ತಿಗೆ ಕೈ ಖಾಲಿಯಾಗಿರುತ್ತದೆ.

ಹೆಜ್ಜೆ 1: ಪದವಿಯ ಆಚೆಗಿನ ದಾರಿಯನ್ನು ವರ್ಷಗಳಲ್ಲಿ ಬರೆಯಿರಿ

ಒಂದು ಹಾಳೆಯಲ್ಲಿ ದಾರಿ, ಹಿಡಿಯುವ ವರ್ಷ, ಮೊದಲ ಸಂಬಳ ಎಂದು ಮೂರು ಕಲಂ ಹಾಕಿ.

ಪರೀಕ್ಷೆಯ ದಾರಿಗೆ ಮೂರು ವರ್ಷದ ಬಿ.ಎ., ಅದರ ಮೇಲೆ ತಯಾರಿಯ ಕಾಲ ಬೇಕು. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಬ್ಯಾಂಕ್ ಪರೀಕ್ಷೆಗಳಿಗೆ ಯಾವುದೇ ಪದವಿ ನಡೆಯುತ್ತದೆ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಮತ್ತು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪಿಯುಸಿಯೇ ಸಾಕು. ಹಾಗಾಗಿ ಈ ಹುದ್ದೆಗಳಿಗೆ ಬೆಂಗಳೂರಿನ ದುಬಾರಿ ಬಿ.ಎ.ಯಿಂದ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಏಳನೇ ರಾಜ್ಯ ವೇತನ ಆಯೋಗದ ನಂತರ ಎಸ್‌ಡಿಎ ಮೂಲ ವೇತನ 34,100 ರೂಪಾಯಿಯಿಂದ, ಎಫ್‌ಡಿಎ 44,425 ರೂಪಾಯಿಯಿಂದ ಶುರುವಾಗುತ್ತದೆ. ಸಂಬಳ ಚೆನ್ನಾಗಿದೆ. ತೊಡಕಿರುವುದು ಅದು ಯಾವಾಗ ಕೈಗೆ ಬರುತ್ತದೆ ಎಂಬುದರಲ್ಲಿ. ಅದನ್ನು ಐದನೇ ಹೆಜ್ಜೆಯಲ್ಲಿ ನೋಡೋಣ.

ಶಿಕ್ಷಕರಾಗಲು ಬಿ.ಎ. ಮೇಲೆ ಎರಡು ವರ್ಷ ಬಿ.ಎಡ್. ಬೇಕು. ಇಲ್ಲಿ ಕಾಲೇಜಿಗಿಂತ ಮುಖ್ಯವಾದದ್ದು ಬಿ.ಎ.ಯಲ್ಲಿ ತೆಗೆದುಕೊಂಡ ವಿಷಯಗಳ ಜೋಡಿ. ಸಮಾಜ ವಿಜ್ಞಾನ ಶಿಕ್ಷಕರ ನೇಮಕಾತಿಯಲ್ಲಿ ಯಾವ ಐಚ್ಛಿಕ ವಿಷಯಗಳು ಒಟ್ಟಿಗಿರಬೇಕು ಎಂಬ ನಿಯಮವಿದೆ. ಹಿಂದಿನ ಅಧಿಸೂಚನೆಯೊಂದನ್ನು ತೆರೆದು ಓದಿ, ಆಮೇಲೆ ಜೋಡಿ ಆರಿಸಿ. ಮೊದಲ ಸೆಮಿಸ್ಟರ್‌ನಲ್ಲಿ ಸೀಟು ಸಿಕ್ಕಿದ ಜೋಡಿಗೆ ಸೇರಿಕೊಂಡು ಐದು ವರ್ಷದ ನಂತರ ಅನರ್ಹರಾಗುವುದು ಸಾಲಕ್ಕಿಂತ ದೊಡ್ಡ ನಷ್ಟ.

ಉಪನ್ಯಾಸಕರಾಗಲು ಎಂ.ಎ. ಸೇರಿ ಐದು ವರ್ಷ, ಮೇಲೆ ಕೆ-ಸೆಟ್ ಅಥವಾ ನೆಟ್. ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ ಬೇಕು. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ. ಅತಿಥಿ ಉಪನ್ಯಾಸಕರಾದರೆ ಗೌರವಧನ ಅರ್ಹತೆ, ಸೇವಾವಧಿ ಮತ್ತು ಕಾರ್ಯಭಾರದ ಮೇಲೆ ನಿಲ್ಲುತ್ತದೆ, ಹನ್ನೆರಡೂ ತಿಂಗಳು ಬರುವುದಿಲ್ಲ. ಕಂತು ಮಾತ್ರ ಹನ್ನೆರಡೂ ತಿಂಗಳು ಕಟ್ಟಬೇಕು.

ವಕೀಲಿಗೆ ಬಿ.ಎ. ಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ಅಲ್ಲಿಗೆ ಆರು ವರ್ಷ. ವಕೀಲಿ ಎಂದು ಈಗಲೇ ಖಚಿತವಿದ್ದರೆ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ ಒಂದು ವರ್ಷ ಉಳಿಸುತ್ತದೆ. ಕೋರ್ಟಿನಲ್ಲಿ ಹಿರಿಯರ ಕೈಕೆಳಗೆ ಕೆಲಸ ಕಲಿಯುವ ಮೊದಲ ವರ್ಷಗಳಲ್ಲಿ ಕಂತು ಕಟ್ಟುವಷ್ಟು ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ನಾಲ್ಕರಲ್ಲಿ ಯಾವುದೂ ಬೇಡ, ಪದವಿ ಮುಗಿಯುತ್ತಲೇ ಕೆಲಸ ಬೇಕು ಎನ್ನುವವರಿಗೆ ಸಿಗುವುದು ಪತ್ರಿಕೆ ಮತ್ತು ವಾಹಿನಿಗಳ ಡೆಸ್ಕ್, ಸ್ವಯಂಸೇವಾ ಸಂಸ್ಥೆ, ಸಮೀಕ್ಷೆ, ಮೈಕ್ರೋಫೈನಾನ್ಸ್ ಕ್ಷೇತ್ರ ಸಿಬ್ಬಂದಿ, ಕಾಲ್ ಸೆಂಟರ್ ಇಂಥವು. ನಿಮ್ಮ ಲೆಕ್ಕ ನಿಲ್ಲಬೇಕಾದದ್ದು ಈ ಕೆಲಸಗಳ ಸಂಬಳದ ಮೇಲೆ.

ಹೆಜ್ಜೆ 2: ಖರ್ಚನ್ನು ಕೈಯಿಂದ ಹೋಗುವ ದುಡ್ಡಾಗಿ ಬರೆಯಿರಿ

ಕಾಲೇಜಿನ ಶುಲ್ಕ ಪಟ್ಟಿಯಲ್ಲಿ ಇರುವುದು ಖರ್ಚಿನ ಒಂದು ಭಾಗ ಮಾತ್ರ. ಹಾಸ್ಟೆಲ್ ಅಥವಾ ಪಿಜಿ, ಊಟ, ಬಸ್ಸು, ಪರೀಕ್ಷಾ ಶುಲ್ಕ, ಪುಸ್ತಕ, ಮೊಬೈಲ್ ಡೇಟಾ, ಹಬ್ಬಕ್ಕೆ ಊರಿಗೆ ಬಂದು ಹೋಗುವುದು, ಎಲ್ಲವನ್ನೂ ವರ್ಷದ ಲೆಕ್ಕದಲ್ಲಿ ಸೇರಿಸಿ. ಖಾಸಗಿ ವಿಶ್ವವಿದ್ಯಾಲಯವಾದರೆ ಎರಡನೇ, ಮೂರನೇ ವರ್ಷದ ಶುಲ್ಕ ಎಷ್ಟು ಏರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಶಿವಮೊಗ್ಗದ ಸಹ್ಯಾದ್ರಿ ಕಲಾ ಕಾಲೇಜು, ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಂಥ ಕಡೆ ಮನೆಯಿಂದಲೇ ಓಡಾಡಿದರೆ ಬಸ್ಸೇ ದೊಡ್ಡ ಖರ್ಚು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ಸೊನ್ನೆ ಎಂದು ಬರೆದುಬಿಡಬೇಡಿ. ಅದು ಸರ್ಕಾರಿ ಸಾರಿಗೆ ಬಸ್ಸುಗಳಿಗೆ ಮಾತ್ರ. ಮಲೆನಾಡಿನ ಒಳಹಳ್ಳಿಗಳ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ನಿಮ್ಮ ದಾರಿಯಲ್ಲಿ ಬೆಳಗಿನ ಕಾಲೇಜು ಹೊತ್ತಿಗೆ ಬರುವ ಬಸ್ಸು ಯಾವುದು ಎಂದು ನೋಡಿ ಬರೆಯಿರಿ.

ವಿದ್ಯಾರ್ಥಿವೇತನದ ಮಾತು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ರೈತ ವಿದ್ಯಾನಿಧಿಯಲ್ಲಿ ಬಿ.ಎ.ಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿದೆ. ಅದಕ್ಕೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು. ತೋಟ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಸಿಗುತ್ತದೆ. ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಊಟ ವಸತಿ ಎರಡೂ ಉಳಿಯುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಗೆ ಹಾಕಿದ ಅರ್ಜಿಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಅಥವಾ ಜಾತಿ ಆದಾಯ ಪ್ರಮಾಣಪತ್ರದ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದುವುದಿಲ್ಲ. ನಾಡಕಚೇರಿಯ ಕೆಲಸವನ್ನು ಫಲಿತಾಂಶಕ್ಕೆ ಕಾಯದೆ ಮುಗಿಸಿಟ್ಟುಕೊಳ್ಳಿ. ಎಲ್ಲ ಸರಿಯಿದ್ದರೂ ದುಡ್ಡು ಬರುವುದು ತಡವಾಗಿ. ಆದ್ದರಿಂದ ಪ್ರವೇಶದ ಲೆಕ್ಕದಲ್ಲಿ ವಿದ್ಯಾರ್ಥಿವೇತನವನ್ನು ಸೊನ್ನೆ ಎಂದೇ ಹಿಡಿಯಿರಿ. ಬಂದಾಗ ಅದನ್ನು ಬಡ್ಡಿಗೆ ಕಟ್ಟಿ.

ಹೆಜ್ಜೆ 3: ಸಂಬಳದ ನಿಜವಾದ ಅಂಕಿ ಹುಡುಕಿ

ಕಾಲೇಜಿನ ಕರಪತ್ರದಲ್ಲಿರುವ ಗರಿಷ್ಠ ಪ್ಯಾಕೇಜನ್ನು ಬದಿಗಿಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆ ಎಷ್ಟು ವಿದ್ಯಾರ್ಥಿಗಳು ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು, ಕೆಲಸ ಸಿಕ್ಕವರ ಮಧ್ಯಮ ಸಂಬಳ (ಏರಿಕೆ ಕ್ರಮದಲ್ಲಿ ಬರೆದಾಗ ನಡುವೆ ಬರುವ ಅಂಕಿ) ಎಷ್ಟು ಎಂಬ ಮಾಹಿತಿ ಕೊಡುತ್ತದೆ. ಸಂಸ್ಥೆಯ ಜಾಲತಾಣದಲ್ಲೂ ಆ ಕಡತ ಇರುತ್ತದೆ. ಓದುವಾಗ ಎರಡು ಎಚ್ಚರ. ಅಲ್ಲಿ ಮೂರು ವರ್ಷದ ಪದವಿಗಳೆಲ್ಲ ಒಟ್ಟಿಗಿರುತ್ತವೆ, ಬಿ.ಕಾಂ., ಬಿಸಿಎಯವರ ಸಂಬಳ ಸೇರಿಕೊಂಡು ರಾಜ್ಯಶಾಸ್ತ್ರದವರ ಚಿತ್ರ ಮೇಲೆದ್ದು ಕಾಣಬಹುದು. ಜೊತೆಗೆ ಆ ಮಧ್ಯಮ ಸಂಬಳ ಕೆಲಸ ಸಿಕ್ಕವರದು ಮಾತ್ರ, ಸಿಗದವರು ಅದರೊಳಗೆ ಇಲ್ಲ.

ಇದಕ್ಕಿಂತ ನಂಬಬಹುದಾದ ದಾರಿ, ಅದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ ಮೂರು ವರ್ಷದ ಹಿಂದೆ ಹೊರಬಂದ ಐದಾರು ಮಂದಿಯನ್ನು ಮಾತಾಡಿಸುವುದು. ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ಹೆಸರು ಸಿಗುತ್ತದೆ. ಆದರೆ ಅವರು ಹೇಳುವುದು ಗೆದ್ದವರ ಹೆಸರು. ಆ ಗೆದ್ದವರ ಸಹಪಾಠಿಗಳ ಹೆಸರನ್ನೂ ಕೇಳಿ ಪಡೆಯಿರಿ. ಕೇಳಬೇಕಾದ ಪ್ರಶ್ನೆ ಇಷ್ಟು: ಮೊದಲ ಸಂಬಳ ಬಂದದ್ದು ಪದವಿಯಾದ ಎಷ್ಟು ತಿಂಗಳಿಗೆ, ಕೈಗೆ ಎಷ್ಟು, ಈಗ ಎಷ್ಟು. ಬಂದ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು ಕೆಳಗಿನಿಂದ ಎರಡನೆಯದನ್ನು ನಿಮ್ಮ ಅಂದಾಜು ಮಾಡಿಕೊಳ್ಳಿ. ಕಂತು ಕಟ್ಟಬೇಕಾಗುವುದು ಕೆಟ್ಟ ವರ್ಷದಲ್ಲೂ.

ಹೆಜ್ಜೆ 4: ಸಾಲವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ

"ಖರ್ಚು ಇಷ್ಟು, ಹಾಗಾಗಿ ಸಾಲ ಇಷ್ಟು" ಎಂಬ ಲೆಕ್ಕವನ್ನು ತಿರುಗಿಸಿ ಹಾಕಬೇಕು. ತಿಂಗಳಿಗೆ ಎಷ್ಟು ಕಂತು ತಡೆಯುತ್ತದೆ ಎಂಬಲ್ಲಿಂದ ಹೊರಟು ಎಷ್ಟು ಸಾಲ ಮಾಡಬಹುದು ಎಂಬಲ್ಲಿಗೆ ಬರಬೇಕು. ಕೆಳಗಿನ ಸಂಬಳ, ಖರ್ಚು, ಬಡ್ಡಿದರಗಳು ಉದಾಹರಣೆಗೆ ಹಿಡಿದವು. ನಿಮ್ಮವನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಬೆಂಗಳೂರಿನಲ್ಲಿ ಕೈಗೆ 22,000 ರೂಪಾಯಿ ಬರುತ್ತದೆ ಎಂದುಕೊಳ್ಳಿ. ಊಟ ಸೇರಿದ ಪಿಜಿ 9,000, ಓಡಾಟ 1,800, ಫೋನು ಬಟ್ಟೆ ಔಷಧಿ 3,200, ಮನೆಗೆ 3,000. ಉಳಿಯುವುದು 5,000. ಅದರಲ್ಲಿ 1,000 ಕಷ್ಟಕಾಲಕ್ಕೆ ಇಟ್ಟರೆ ಕಂತಿಗೆ 4,000. ಶಿವಮೊಗ್ಗದಲ್ಲೇ 14,000ದ ಕೆಲಸ ಸಿಕ್ಕಿ ಮನೆಯಿಂದ ಓಡಾಡಿದರೆ, ಬಸ್ಸು ತಿಂಡಿಗೆ 3,000, ಸ್ವಂತಕ್ಕೆ 2,500, ಮನೆಗೆ 4,500 ಕಳೆದು ಅಲ್ಲೂ ಉಳಿಯುವುದು 4,000. ದೊಡ್ಡ ಊರಿನ ದೊಡ್ಡ ಸಂಬಳ ನೋಡಿ ದೊಡ್ಡ ಸಾಲ ಮಾಡಬಾರದು ಎನ್ನಲು ಈ ಎರಡು ಸಾಲು ಸಾಕು.

ಶೇ. 10.5ರ ಬಡ್ಡಿಯಲ್ಲಿ ಒಂದು ಲಕ್ಷಕ್ಕೆ ತಿಂಗಳ ಕಂತು 5 ವರ್ಷಕ್ಕಾದರೆ 2,149, 7 ವರ್ಷಕ್ಕೆ 1,686, 10 ವರ್ಷಕ್ಕೆ 1,349, 15 ವರ್ಷಕ್ಕೆ 1,105 ರೂಪಾಯಿ. 4,000ವನ್ನು 1,686ರಿಂದ ಭಾಗಿಸಿದರೆ 2.37 ಲಕ್ಷ. ಇದು ಕಂತು ಶುರುವಾಗುವ ದಿನ ಇರಬಹುದಾದ ಸಾಲ, ನೀವು ಪಡೆಯಬಹುದಾದ ಸಾಲ ಅಲ್ಲ. ಓದುವ ಮೂರು ವರ್ಷ ಮತ್ತು ನಂತರದ ಒಂದು ವರ್ಷ ಕಂತಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಿರುತ್ತದೆ. ವರ್ಷಕ್ಕೊಂದು ಸಮಾನ ಭಾಗ ಬಿಡುಗಡೆಯಾದರೆ ಮೊದಲ ಭಾಗಕ್ಕೆ 4 ವರ್ಷ, ಎರಡನೆಯದಕ್ಕೆ 3, ಮೂರನೆಯದಕ್ಕೆ 2 ವರ್ಷದ ಬಡ್ಡಿ, ಸರಾಸರಿ 3 ವರ್ಷ. ಅಂದರೆ ಪಡೆದ ಸಾಲ 1.315 ಪಟ್ಟಾಗುತ್ತದೆ. 2.37 ಲಕ್ಷವನ್ನು 1.315ರಿಂದ ಭಾಗಿಸಿ: 1.8 ಲಕ್ಷ. ಬಿ.ಎ.ಯಿಂದ ಹಿಡಿದು ಮುಂದಿನ ಮೆಟ್ಟಿಲಿನವರೆಗೆ ಎಲ್ಲ ಸೇರಿ ಈ ಮನೆ ಮಾಡಬಹುದಾದ ಸಾಲ ಹೆಚ್ಚುಕಡಿಮೆ ಅಷ್ಟೇ. ಎರಡು ವರ್ಷದ ಎಂ.ಎ.ಗೆ ಮಾತ್ರ ಸಾಲ ತೆಗೆದರೆ 1.315ರ ಜಾಗದಲ್ಲಿ 1.2625 ಹಾಕಿ.

ಈಗ ವರ್ಷಕ್ಕೆ 3 ಲಕ್ಷ ಖರ್ಚಿನ ಖಾಸಗಿ ಬಿ.ಎ.ಗೆ 7.5 ಲಕ್ಷ ಸಾಲ ಮಾಡಿದ್ದೀರಿ ಎಂದುಕೊಳ್ಳಿ. ಕಂತು ಶುರುವಾಗುವ ದಿನ ಅದು 9,86,250 ರೂಪಾಯಿ ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು 13,308. ಹದಿನೈದು ವರ್ಷಕ್ಕೆ ಎಳೆದರೆ 10,902, ಒಟ್ಟು ಕಟ್ಟುವುದು 19.6 ಲಕ್ಷ. 22,000 ಸಂಬಳದಲ್ಲಿ ಇದು ನಡೆಯುವುದಿಲ್ಲ, ಯಾವ ಮಿತವ್ಯಯದಿಂದಲೂ ನಡೆಯುವುದಿಲ್ಲ. ಹಾಗಿದ್ದೂ ಇಂಥ ಸಾಲಕ್ಕೆ ಬ್ಯಾಂಕು ಒಪ್ಪಬಹುದು. ಬ್ಯಾಂಕು ಒಪ್ಪಿತು ಎಂಬುದು ತೀರಿಸಲಾಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೆಜ್ಜೆ 5: ಸಾಲದ ಗಡುವನ್ನೂ ನೇಮಕಾತಿಯ ಗಡುವನ್ನೂ ಅಕ್ಕಪಕ್ಕ ಇಡಿ

ಬ್ಯಾಂಕಿನ ದಿನಾಂಕ ಖಚಿತ: ಪದವಿ ಮುಗಿದ ಒಂದು ವರ್ಷಕ್ಕೆ ಕಂತು. ನೇಮಕಾತಿಗೆ ಅಂಥ ದಿನಾಂಕವಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮ ಹೊರಬಿದ್ದು, 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಚೆನ್ನಾಗಿ ಓದಿ ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಗಳೂ ಅದರೊಂದಿಗೆ ಹೋದವು. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪೂರ್ವಭಾವಿ ಪರೀಕ್ಷೆಯೂ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು.

ಆದ್ದರಿಂದ ಲೆಕ್ಕದಲ್ಲಿ ಸರ್ಕಾರಿ ಸಂಬಳವನ್ನು ಹಿಡಿಯಬೇಡಿ. ಪರೀಕ್ಷೆಗೆ ಓದಿ, ಗುರಿ ಇಟ್ಟುಕೊಳ್ಳಿ, ಆದರೆ ಆದೇಶಪತ್ರ ಕೈಗೆ ಬರುವವರೆಗೆ ಆ ಕಲಂ ಖಾಲಿ ಇರಲಿ. ತಯಾರಿಗೆ ಎರಡು ವರ್ಷ ಇಡುತ್ತೀರಿ ಎಂದಾದರೆ ಕಂತು ಶುರುವಾದ ಮೇಲಿನ ಹನ್ನೆರಡು ತಿಂಗಳ ಕಂತು, ಅಂದರೆ 4,000ದಂತೆ 48,000, ಮೊದಲೇ ಬೇರೆ ಖಾತೆಯಲ್ಲಿ ಇರಬೇಕು. ಬೆಂಗಳೂರಿನ ಕೋಚಿಂಗ್ ಶುಲ್ಕ, ಅಲ್ಲಿನ ಬಾಡಿಗೆ ಶಿಕ್ಷಣ ಸಾಲದಲ್ಲಿ ಬರುವುದಿಲ್ಲ ಎಂಬುದನ್ನೂ ನೆನಪಿಡಿ.

2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಪಡೆದ ಯುವನಿಧಿ ಇಲ್ಲಿ ಸ್ವಲ್ಪ ಕೈಹಿಡಿಯುತ್ತದೆ. ಪದವಿ ಪಡೆದು 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಎಂ.ಎ. ಅಥವಾ ಬಿ.ಎಡ್. ಸೇರಿದರೆ ಸಿಗುವುದಿಲ್ಲ.

ಹೆಜ್ಜೆ 6: ಅಡಿಕೆ ದುಡ್ಡು ಮತ್ತು ತಿಂಗಳ ಕಂತು

ತೋಟದ ಆದಾಯ ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ. ಕಂತು ಬರುವುದು ತಿಂಗಳಿಗೊಮ್ಮೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸುವ ಖರ್ಚು ಎದುರಿಗಿರುವಾಗ ಕಂತು ತಪ್ಪುತ್ತದೆ. ಅಪ್ಪ ಅಮ್ಮ ಸಹ ಸಾಲಗಾರರಾಗಿ ಕಂತಿಗೆ ಕೈಜೋಡಿಸುವುದಿದ್ದರೆ, ಅಡಿಕೆ ದುಡ್ಡು ಬಂದ ವಾರವೇ ವರ್ಷದ ಕಂತನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ಅಲ್ಲಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಡಿ. ಬೆಲೆಯನ್ನು ಕಳೆದ ಐದು ವರ್ಷದ ಕನಿಷ್ಠಕ್ಕೆ ಹಿಡಿಯಿರಿ, ಇಳುವರಿಯನ್ನು ಎಲೆಚುಕ್ಕಿ ರೋಗ ಬಿದ್ದ ವರ್ಷದ್ದಕ್ಕೆ ಹಿಡಿಯಿರಿ.

ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲ ತೆಗೆದು ಕಾಲೇಜಿಗೆ ಕಟ್ಟುವ ರೂಢಿ ಇದೆ. ಬೇಡ. ಅದನ್ನು ಗಡುವಿನೊಳಗೆ ಇಡಿಯಾಗಿ ಕಟ್ಟಿ ನವೀಕರಿಸಿದರೆ ಮಾತ್ರ ಬಡ್ಡಿಯಿಲ್ಲ. ಫೀಸಿಗೆ ಹೋದ ದುಡ್ಡು ವರ್ಷದೊಳಗೆ ವಾಪಸ್ ಬರುವುದಿಲ್ಲ. ಆಗ ನವೀಕರಣಕ್ಕೆಂದು ಮಂಡಿಯಲ್ಲೋ ಕೈಸಾಲವಾಗಿಯೋ ಎತ್ತಬೇಕಾಗುತ್ತದೆ, ತೋಟಕ್ಕೆ ಗೊಬ್ಬರ ಹಾಕಲು ದುಡ್ಡಿರುವುದಿಲ್ಲ.

ಹೆಜ್ಜೆ 7: ಬ್ಯಾಂಕಿಗೆ ಹೋಗುವ ಮುನ್ನ

ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ಕೈಯಿಂದ ಹಾಕುವ ಪಾಲೂ ಬೇಡ. ಅದರ ಮೇಲೆ ದೇಶದೊಳಗಿನ ಓದಿಗೆ ಶೇ. 5 ನಿಮ್ಮ ಪಾಲು. 7.5 ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತಾರೆ, ಮಲೆನಾಡಿನಲ್ಲಿ ಆ ಬಾಗಿಲು ಹೆಚ್ಚಿನವರಿಗೆ ಮುಚ್ಚಿದ್ದೇ. ಬಗರ್‌ಹುಕುಂ ಜಮೀನಿಗೆ, ಸೊಪ್ಪಿನಬೆಟ್ಟಕ್ಕೆ, ಶರಾವತಿ ಮುಳುಗಡೆಯವರ ಎಷ್ಟೋ ಜಮೀನಿಗೆ ಹಕ್ಕುಪತ್ರವಿಲ್ಲ. ಪಹಣಿ ಸರಿಯಿದ್ದರೂ ಕೃಷಿ ಜಮೀನನ್ನು ಬ್ಯಾಂಕುಗಳ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ವಶಪಡಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಬ್ಯಾಂಕುಗಳು ಅದನ್ನು ಇಷ್ಟಪಡುವುದಿಲ್ಲ. ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳುತ್ತಾರೆ.

ಕೇಂದ್ರದ ಶಿಕ್ಷಣ ಸಾಲ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನ, ಜಾಮೀನು ಎರಡೂ ಇಲ್ಲ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಇದೆ. ನಿಮ್ಮ ಸಂಸ್ಥೆಯ ಹೆಸರು ಪೋರ್ಟಲ್‌ನ ಪಟ್ಟಿಯಲ್ಲಿ ಇದೆಯೇ ಎಂದು ಸೀಟು ಖಚಿತಪಡಿಸುವ ಮೊದಲು ನೋಡಿ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಇದು ಸಿಗುವುದಿಲ್ಲ. 4.5 ಲಕ್ಷದೊಳಗಿನ ಆದಾಯಕ್ಕೆ ಪೂರ್ತಿ ಬಡ್ಡಿ ಮನ್ನಾ ಎಂದು ಕೇಳಿರುತ್ತೀರಿ. ಅದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸ್‌ಗಳಿಗೆ, ಬಿ.ಎ. ರಾಜ್ಯಶಾಸ್ತ್ರಕ್ಕೆ ಅಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆಯ 80ಇ ವಿನಾಯಿತಿಯನ್ನೂ ಲಾಭವೆಂದು ಬರೆಯಬೇಡಿ. ಅದು ಹಳೆಯ ತೆರಿಗೆ ಪದ್ಧತಿಗೆ ಮಾತ್ರ, ತಿಂಗಳಿಗೆ 22,000 ಪಡೆಯುವವರಿಗೆ ತೆರಿಗೆಯೇ ಬರುವುದಿಲ್ಲ.

ಸಹ ಸಾಲಗಾರರಾಗುವ ಅಪ್ಪನದೋ ಅಮ್ಮನದೋ ಸಿಬಿಲ್ ವರದಿಯನ್ನು (ಹಿಂದಿನ ಸಾಲಗಳ ದಾಖಲೆ) ಮೊದಲೇ ತೆಗೆಸಿ. ಎಂದೋ ಅರ್ಧಕ್ಕೆ ತೀರುವಳಿ ಮಾಡಿಕೊಂಡ ಟ್ರ್ಯಾಕ್ಟರ್ ಸಾಲ ಅಲ್ಲಿ ಕಾಣಿಸಿಕೊಂಡು ಅರ್ಜಿ ನಿಲ್ಲುವುದುಂಟು. ಅರ್ಜಿಯನ್ನು ಬಾಯಿಮಾತಲ್ಲಿ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ. ದೂರು ಕೊಟ್ಟು 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಬಳಿಗೆ ಹೋಗಬಹುದು.

ಹೆಜ್ಜೆ 8: ತೀರ್ಮಾನ

ನಾಲ್ಕನೇ ಹೆಜ್ಜೆಯ ಅಂಕಿಯೊಳಗೆ ಖರ್ಚು ಕುಳಿತರೆ ಮುಂದುವರಿಯಿರಿ. ಮೀರಿದರೆ ನಮ್ಮ ಸಲಹೆ ಹೀಗೆ: ಬಿ.ಎ.ಯನ್ನು ಮನೆ ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಸಾಲವಿಲ್ಲದೆ ಮುಗಿಸಿ, ಎಂ.ಎ.ಗೆ ದೂರ ಹೋಗಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ಜೆಎನ್‌ಯು ಇವುಗಳ ಶುಲ್ಕ ಖಾಸಗಿ ವಿಶ್ವವಿದ್ಯಾಲಯಗಳದ್ದಕ್ಕಿಂತ ಬಹಳ ಕಡಿಮೆ, ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಅಡ್ಡ ಬರುವುದು ಇಂಗ್ಲಿಷ್. ಬಿ.ಎ.ಯ ಮೂರು ವರ್ಷ ದಿನಕ್ಕೊಂದು ಗಂಟೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ ಅದರ ಸಾರಾಂಶ ಬರೆಯುವುದಕ್ಕೆ ಇಟ್ಟರೆ, ಲಕ್ಷಗಟ್ಟಲೆ ಸಾಲದಿಂದ ಸಿಗುತ್ತದೆ ಎಂದುಕೊಂಡ ಅನುಕೂಲದ ದೊಡ್ಡ ಪಾಲು ಹಾಗೇ ಸಿಗುತ್ತದೆ.

ಈಗಾಗಲೇ ಸಾಲವಿದ್ದರೆ

ಓದುತ್ತಿರುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟುತ್ತ ಬನ್ನಿ. ಎರಡೂವರೆ ಲಕ್ಷಕ್ಕೆ ತಿಂಗಳಿಗೆ 2,188 ಆಗುತ್ತದೆ. ಹೀಗೆ ಬಿಡದೆ ಕಟ್ಟಿದವರಿಗೆ ದರದಲ್ಲಿ ಶೇ. 1 ಇಳಿಸುವ ಅವಕಾಶ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿದೆ, ಶಾಖೆಯಲ್ಲಿ ಕೇಳಿ ಪಡೆಯಿರಿ. ಕೆಲಸ ಸಿಗದೆ ಕಂತು ತಪ್ಪುವ ಸೂಚನೆ ಕಂಡ ತಿಂಗಳೇ ಲಿಖಿತ ಅರ್ಜಿ ಕೊಟ್ಟು ಮರುಪಾವತಿ ಮುಂದೂಡಲು ಅಥವಾ ಅವಧಿ ವಿಸ್ತರಿಸಲು ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಅದು ವಿದ್ಯಾರ್ಥಿಯ ಸಿಬಿಲ್‌ನಲ್ಲೂ ಸಹಿ ಹಾಕಿದ ತಂದೆ ತಾಯಿಯ ಸಿಬಿಲ್‌ನಲ್ಲೂ ದಾಖಲಾಗುತ್ತದೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಮೂಲಕ ಬ್ಯಾಂಕ್ ಕೆಲಸಕ್ಕೆ ಆಯ್ಕೆಯಾದವರ ಸಾಲದ ಇತಿಹಾಸವನ್ನು ಸೇರುವ ಹೊತ್ತಿಗೆ ನೋಡುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಬೇರೆ ಯಾವ ಖರ್ಚು ನಿಲ್ಲಿಸಿಯಾದರೂ ಈ ಬಾಕಿಯನ್ನು ಮೊದಲು ಸರಿಪಡಿಸಿಕೊಳ್ಳಬೇಕು.